ಬೀಟೆಯ ಹಿಡಿ

ಹೋದ ವರ್ಷ ಅಪ್ಪಯ್ಯ ತೀರಿಕೊಂಡಾಗ ವಿಲೇವಾರಿಯಾಗಬೇಕಿದ್ದ ಕಾಗದಪತ್ರಗಳಲ್ಲಿ ಎಲ್ಲಕ್ಕಿಂತ ಅವಸರದ್ದು ಅವರ ಆಯುಧ ಪರವಾನಗಿಯಾಗಿತ್ತು. ಪಹಣಿ, ಬ್ಯಾಂಕಿನ ಖಾತೆ, ಸೊಸೈಟಿಯ ಷೇರು ಇವೆಲ್ಲ ತಿಂಗಳುಗಟ್ಟಲೆ ಕಾಯುತ್ತವೆ. ಪರವಾನಗಿದಾರರೇ ಇಲ್ಲದ ಮನೆಯಲ್ಲಿ ರಿವಾಲ್ವರ್ ಹಾಗೆ ಕಾಯುವಂತಿಲ್ಲ. ಹನ್ನೊಂದರ ತಿಥಿ ಮುಗಿಯುವ ಮೊದಲೇ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತಂದೆ. ಚುನಾವಣೆ ಬಂದಾಗಲೆಲ್ಲ ಕೋವಿ ಹೊತ್ತುಕೊಂಡು ಹೋಗಿ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ತರುವುದು ತೀರ್ಥಹಳ್ಳಿ ಕಡೆಯ ತೋಟದ ಮನೆಗಳಿಗೆಲ್ಲ ರೂಢಿಯಾದ ತಿರುಗಾಟವೇ. ಈ ಸಲ ತರಲು ಹೋಗುವವರು ಯಾರೂ ಇರಲಿಲ್ಲ. ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವ ಆಸೆ ನನಗಿಲ್ಲದ್ದರಿಂದ, ಬೇಕಾದ ಅನುಮತಿಗಳನ್ನು ಪಡೆದು ಶಿವಮೊಗ್ಗದ ಬಂದೂಕು ವ್ಯಾಪಾರಿಯೊಬ್ಬರಿಗೆ ಮಾರುವುದೆಂದು ತೀರ್ಮಾನವಾಯಿತು.

ವ್ಯಾಪಾರಿ ವಯಸ್ಸಾದವರು, ಮಾತು ಕಡಿಮೆ. ರಿವಾಲ್ವರನ್ನು ತೆರೆದು, ಖಾಲಿ ಇದೆಯೆಂದು ಎರಡು ಸಲ ನೋಡಿ, ಕಿಟಕಿಯ ಬೆಳಕಿಗೆ ಹಿಡಿದರು. ನಂತರ ಹಿಡಿಯ ಮೇಲೆ ಬೆರಳಾಡಿಸಿ ಕೇಳಿದರು: "ಕಂಪನಿ ಹಿಡಿ ಇದೆಯಾ ಗೌಡ್ರೇ?" ಇದೆ, ಮನೆಯಲ್ಲಿದೆ, ತರುತ್ತೇನೆ ಎಂದೆ. ಅವರು ಟ್ರಿಗರನ್ನು ಒಮ್ಮೆ ನಿಧಾನವಾಗಿ ಎಳೆದು, ಕುದುರೆ, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆಯಂಥ ಭಾಗ, ಬಿದ್ದ ಸದ್ದಿಗೆ ಕಿವಿಗೊಟ್ಟವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯ ಪ್ರಶ್ನೆ ಕೇಳಿದರು: "ಒಳಗೂ ಕೈ ಹಾಕಿಸಿದ್ರಾ?"

ಮೊದಲನೆಯ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ನಾನು ಎರಡನೆಯದಕ್ಕೆ ಏಕೆ ತಡವರಿಸಿದೆ ಎಂಬುದನ್ನು ಅಂದಿನಿಂದ ಯೋಚಿಸುತ್ತಿದ್ದೇನೆ.

ಮಂಚದ ಕಾಲಿನಿಂದ

ಅಪ್ಪಯ್ಯನಿಗೆ ರಿವಾಲ್ವರ್ ಏಕೆ ಬೇಕಾಯಿತೆಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಕೂಗಿದರೆ ಯಾರಿಗೂ ಕೇಳಿಸದ ಒಂಟಿಮನೆ, ಚಾಲಿ ಅಡಿಕೆ ತುಂಬಿದ ಅಟ್ಟ, ಮಂಡಿಯಿಂದ ಹಣ ತರುವ ದಿನದ ಕತ್ತಲ ದಾರಿ. ಅಜ್ಜನ ಕಾಲದ ಜೋಡುನಳಿಗೆ ಕೋವಿ ಇತ್ತು, ಆದರೆ ಅದನ್ನು ಹೆಗಲಿಗೇರಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತುವ ಕಾಲ ಹೋಗಿತ್ತು. 2011ರಲ್ಲಿ ಅವರು ನಮ್ಮ ದೇಶದಲ್ಲೇ ತಯಾರಾದ .32 ರಿವಾಲ್ವರ್ ಕೊಂಡರು. ಅದಕ್ಕೆ ಒಂದು ವರ್ಷದ ವಾರಂಟಿ ಇತ್ತು. ಆ ಕಾರ್ಡನ್ನು ಅವರು ಪರವಾನಗಿ ಪುಸ್ತಕದ ಒಳಗೇ ಮಡಚಿಟ್ಟಿದ್ದರು.

ಕೊಂಡ ತಿಂಗಳಿನಿಂದಲೇ ಅವರಿಗೆ ಅದರ ಹಿಡಿಯ ಮೇಲೆ ಅಸಮಾಧಾನ. ಕಪ್ಪು ಪ್ಲಾಸ್ಟಿಕ್ಕಿನ ಎರಡು ಹೋಳುಗಳು, ನಡುವೆ ಒಂದೇ ಸ್ಕ್ರೂ. ಮಳೆಗಾಲದಲ್ಲಿ ಬೆವರಿದ ಕೈಯಿಂದ ಜಾರುತ್ತದೆ ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತೆಂದು ನನ್ನ ಅನುಮಾನ: ಅಷ್ಟು ಹಣ ಕೊಟ್ಟು ತಂದ ವಸ್ತು ಕುಕ್ಕರಿನ ಹಿಡಿಯ ಹಾಗೆ ಕಾಣುವುದು ಅವರಿಗೆ ಸಹಿಸುತ್ತಿರಲಿಲ್ಲ. ಸಾಗರದ ಗುಡಿಗಾರರೊಬ್ಬರ ಪರಿಚಯವಿತ್ತು. ಆ ಎರಡು ಪ್ಲಾಸ್ಟಿಕ್ ಹೋಳುಗಳನ್ನೂ, ಮುರಿದ ಹಳೆಯ ಬೀಟೆ ಮಂಚದ ಒಂದು ಕಾಲನ್ನೂ ಚೀಲದಲ್ಲಿ ಹಾಕಿಕೊಂಡು ಹೋದರು; ರಿವಾಲ್ವರ್ ಕಬ್ಬಿಣದ ಕಪಾಟಿನಲ್ಲೇ ಉಳಿಯಿತು. ಮೂರು ವಾರದ ಬಳಿಕ ಬಂದ ಹಿಡಿಯಲ್ಲಿ, ಹೆಬ್ಬೆರಳು ಕೂರುವ ಜಾಗದ ಕೆಳಗೆ, ಉಗುರಿನಷ್ಟು ಅಗಲದಲ್ಲಿ ಬಿಚ್ಚಿದ ಹಿಂಗಾರದ ಕೆತ್ತನೆ ಇತ್ತು. ಎಳೆಗಳು ಎಷ್ಟು ಸಣ್ಣವೆಂದರೆ ಕಣ್ಣಿಗಿಂತ ಬೆರಳಿಗೇ ಮೊದಲು ತಿಳಿಯುತ್ತಿದ್ದವು. ಆ ವರ್ಷದ ಆಯುಧಪೂಜೆಯಲ್ಲಿ ಅಜ್ಜನ ಕೋವಿ, ಕತ್ತಿ, ಅಡಿಕೆ ಸುಲಿಯುವ ಯಂತ್ರ, ಜೀಪು, ಎಲ್ಲವುಗಳ ನಡುವೆ ಅದಕ್ಕೆ ಎದ್ದು ಕಾಣುವ ಜಾಗ ಸಿಕ್ಕಿತು.

ಇಲ್ಲಿಯವರೆಗೆ ಯಾರಿಗೂ ಹಾನಿಯಿಲ್ಲ. ಆದರೆ ಹಿಡಿ ಕಳಚಿದಾಗ ಅದರ ಅಡಿಯಲ್ಲಿದ್ದ ಮುಖ್ಯ ಸ್ಪ್ರಿಂಗ್ ಅವರ ಕಣ್ಣಿಗೆ ಬಿತ್ತು.

ಅವರ ಬಲಗೈಯ ತೋರುಬೆರಳಿನ ಗೆಣ್ಣು ಆಗಲೇ ಬಿಗಿಯುತ್ತಿತ್ತು. ಹೆಬ್ಬೆರಳಿನಿಂದ ಕುದುರೆ ಎತ್ತಿಕೊಂಡರೆ ಟ್ರಿಗರ್ ಹಗುರ. ಹಾಗೆ ಎತ್ತದೆ ಒಂದೇ ಎಳೆತದಲ್ಲಿ ಹೊಡೆಯಬೇಕಾದರೆ ಕುದುರೆಯನ್ನು ಹಿಂದಕ್ಕೆ ತಳ್ಳುವ ಕೆಲಸವೂ ಟ್ರಿಗರಿನದೇ ಆದ್ದರಿಂದ ಭಾರ. ಅಂಚೆ ಕಚೇರಿಯ ಬಳಿ ಗಡಿಯಾರ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಒಬ್ಬರನ್ನು ಅಪ್ಪಯ್ಯ ಮನೆಗೆ ಕರೆಸಿದರು. ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ, ಒಂದು ಮಧ್ಯಾಹ್ನ ಪೂರ್ತಿ ಅವರು ಆ ಸ್ಪ್ರಿಂಗನ್ನು ಉಜ್ಜಿದರು. ಎರಡು ಸಲ ಚಹಾ ಒಯ್ದುಕೊಟ್ಟವನು ನಾನೇ. ಸಂಜೆ ಅಪ್ಪಯ್ಯ ಖಾಲಿ ರಿವಾಲ್ವರಿನ ಟ್ರಿಗರನ್ನು ಎಳೆದು ನೋಡಿ, "ಬೆಣ್ಣೆ ಹಾಗಾಗಿದೆ ಕಣೋ" ಎಂದರು.

1959ರ ಆಯುಧ ಅಧಿನಿಯಮದ 5ನೇ ಕಲಮು ಆಯುಧದ ತಯಾರಿಕೆ, ಮಾರಾಟಗಳ ಜೊತೆಗೆ ದುರಸ್ತಿ ಮತ್ತು ಮಾರ್ಪಾಡನ್ನೂ ಪರವಾನಗಿಯ ಅಡಿಗೆ ತರುತ್ತದೆ; 6ನೇ ಕಲಮು ಪರವಾನಗಿಯಿಲ್ಲದೆ ನಳಿಗೆ ಮೊಟಕುಗೊಳಿಸುವುದನ್ನೂ, 8ನೇ ಕಲಮು ಗುರುತಿನ ಸಂಖ್ಯೆಯನ್ನು ಅಳಿಸುವುದನ್ನೂ ನಿಷೇಧಿಸುತ್ತವೆ. ಅಂದರೆ ನಮ್ಮ ಜಗಲಿಯಲ್ಲಿ ಆ ಮಧ್ಯಾಹ್ನ ನಡೆದದ್ದಕ್ಕೆ ವಾರಂಟಿಗಿಂತ ದೊಡ್ಡ ಅಡ್ಡಿ ಇತ್ತು. ಇಬ್ಬರಿಗೂ ಅದು ಹೊಳೆಯಲಿಲ್ಲ. ಎಲ್ಲ ಯಂತ್ರವನ್ನೂ ಬಿಚ್ಚಿ ನಮಗೆ ಬೇಕಾದ ಹಾಗೆ ಮಾಡಿಕೊಳ್ಳುವ ಊರಿನಲ್ಲಿ ಅದು ಹೊಳೆಯುವುದೂ ಕಷ್ಟ. ಒಂದು ಕಂಪನಿಯ ಚಾಸಿಗೆ ಇನ್ನೊಂದರ ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ನಮ್ಮ ಘಟ್ಟ ಹತ್ತುತ್ತವೆ. ಕಳೆ ಕೊಚ್ಚುವ ಯಂತ್ರ ಕೊಂಡ ವಾರದಲ್ಲೇ ಅದರ ಗಾರ್ಡ್ ಕಳಚಿ ಕೊಟ್ಟಿಗೆಯ ಮೂಲೆ ಸೇರುತ್ತದೆ. ಕೆಟ್ಟಾಗ ಮಾತ್ರ ಗಾರ್ಡನ್ನು ಹುಡುಕಿ, ಧೂಳು ಕೊಡವಿ, ಮತ್ತೆ ಜೋಡಿಸಿ ಸರ್ವೀಸ್ ಸೆಂಟರಿಗೆ ಒಯ್ಯುತ್ತೇವೆ.

ಟಕ್

ದೋಷ ಬಯಲಾದದ್ದು ಬೆಂಗಳೂರಿನ ಬಳಿಯ ಒಂದು ಶೂಟಿಂಗ್ ರೇಂಜಿನಲ್ಲಿ. ನಮ್ಮ ಭಾವ ಅಲ್ಲಿ ಸದಸ್ಯರು. ಆಯುಧ ಇಟ್ಟುಕೊಂಡ ಮೇಲೆ ವರ್ಷಕ್ಕೊಮ್ಮೆಯಾದರೂ ಹೊಡೆದು ನೋಡಬೇಕೆಂದು ಅಪ್ಪಯ್ಯನನ್ನು ಒತ್ತಾಯಿಸಿ ಕರೆದೊಯ್ದಿದ್ದರು. ಆರು ತೋಟಾ ತುಂಬಿದರು. ಮೊದಲೆರಡು ಹಾರಿದವು. ಮೂರನೆಯದಕ್ಕೆ ಬರೀ ಟಕ್ ಎಂಬ ಸದ್ದು. ಅಪ್ಪಯ್ಯ ಸಹಜವಾಗಿ ರಿವಾಲ್ವರನ್ನು ತಮ್ಮ ಕಡೆಗೆ ತಿರುಗಿಸಿ ನೋಡಲು ಹೊರಟಾಗ ಹಿಂದಿನಿಂದ ರೇಂಜಿನ ಅಧಿಕಾರಿಯ ಧ್ವನಿ ಬಂತು: "ಯಜಮಾನ್ರೇ, ಹಾಗೇ ಇರಿ. ಮೂತಿ ಗುರಿ ಕಡೆಗೇ ಇರಲಿ." ಹಾರದ ತೋಟಾ ಸತ್ತಿದೆಯೋ, ತಡವಾಗಿ ಹೊತ್ತಿಕೊಳ್ಳುತ್ತಿದೆಯೋ ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ ಅರ್ಧ ನಿಮಿಷ ಹಾಗೆಯೇ ಕಾಯಬೇಕು. ಗೋಡೆ ಗಡಿಯಾರದ ಮುಳ್ಳನ್ನು ನೋಡುತ್ತ, ಕೈ ಚಾಚಿಕೊಂಡು ನಿಂತ ಅಪ್ಪಯ್ಯನ ಮುಂಗೈ ಸಣ್ಣಗೆ ನಡುಗುತ್ತಿದ್ದುದು ನನಗೆ ಈಗಲೂ ಕಾಣುತ್ತದೆ. ಐದನೆಯದೂ ಹಾಗೆಯೇ ಆಯಿತು.

ಹಾರದ ಎರಡು ತೋಟಾಗಳನ್ನು ಅಧಿಕಾರಿ ಅಂಗೈ ಮೇಲಿಟ್ಟು ತೋರಿಸಿದರು. ತೋಟಾದ ಬೆನ್ನಿನ ನಡುವೆ ಇದ್ದು, ಬಡಿತಕ್ಕೆ ಹೊತ್ತಿಕೊಂಡು ಒಳಗಿನ ಮದ್ದಿಗೆ ಕಿಡಿ ಕೊಡುವ ಪ್ರೈಮರಿನ ಮೇಲೆ, ಅಂದರೆ ನಮ್ಮ ಕಡೆಯವರ ಬಾಯಲ್ಲಿ ಕೇಪಿನ ಮೇಲೆ, ಹಾರಿದವುಗಳಲ್ಲಿ ಆಳವಾದ ತಗ್ಗಿತ್ತು. ಹಾರದವುಗಳಲ್ಲಿ ಪೆನ್ಸಿಲಿನ ತುದಿ ತಾಗಿದಷ್ಟು ಗುರುತು ಮಾತ್ರ. ಟ್ರಿಗರನ್ನು ಭಾರವಾಗಿಸುವುದೂ ಕುದುರೆಗೆ ಬಡಿಯುವ ಬಲ ಕೊಡುವುದೂ ಒಂದೇ ಸ್ಪ್ರಿಂಗ್. ಬೆರಳಿಗೆ ಸಿಕ್ಕ ಬೆಣ್ಣೆಯನ್ನು ಕೇಪಿನ ಪಾಲಿನಿಂದ ತೆಗೆದದ್ದಾಗಿತ್ತು. ಅದು ಅಂದು ಅಲ್ಲಿ ಯಾರಿಗೂ ಸ್ಪಷ್ಟವಾಗಲಿಲ್ಲ. ಹಿಡಿ ಬದಲಾದದ್ದನ್ನು ಕಣ್ಣಾರೆ ಕಂಡ ಅಧಿಕಾರಿ, ಕಂಪನಿಗೆ ಕಳುಹಿಸಿ ಎಂದಷ್ಟೇ ಹೇಳಿದರು.

ವಾರಂಟಿಗೆ ಇನ್ನೂ ಎರಡು ತಿಂಗಳಿತ್ತು. ವ್ಯಾಪಾರಿಯ ಮೂಲಕ ಕಳುಹಿಸುವ ಹಿಂದಿನ ರಾತ್ರಿ ಅಪ್ಪಯ್ಯ ಬೀಟೆಯ ಹಿಡಿ ಬಿಚ್ಚಿ, ಪ್ಲಾಸ್ಟಿಕ್ ಹಿಡಿಯನ್ನು ಮೊದಲಿನಂತೆ ಜೋಡಿಸಿ, ಬಟ್ಟೆಯಿಂದ ಒರೆಸಿದರು. ಸ್ಕ್ರೂವಿನ ತಲೆಯಲ್ಲಿ ಗೀರು ಕಾಣಬಾರದೆಂದು ಅದಕ್ಕೆ ಎಣ್ಣೆ ಹಚ್ಚಿದರು. ಸ್ಪ್ರಿಂಗಿನ ವಿಷಯ ಅವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಕಣ್ಣಿಗೆ ಕಾಣುವಂತೆ ಬದಲಿಸಿದ್ದನ್ನು ತಪ್ಪೆಂದುಕೊಂಡು ಮುಚ್ಚಿಟ್ಟೆವು. ನಿಜವಾಗಿ ಬದಲಿಸಿದ್ದನ್ನು ರಿಪೇರಿಯೆಂದುಕೊಂಡು ಮರೆತೆವು.

ಒಂದೂವರೆ ತಿಂಗಳ ನಂತರ ಬಂದ ಪತ್ರ ನಾಲ್ಕು ಸಾಲಿನದು. ಮುಖ್ಯ ಸ್ಪ್ರಿಂಗ್ ಮೂಲ ಅಳತೆಯಲ್ಲಿಲ್ಲ, ಅನಧಿಕೃತವಾಗಿ ಉಜ್ಜಲಾಗಿದೆ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ, ಹಣ ಪಾವತಿಸಿದಲ್ಲಿ ಹೊಸ ಸ್ಪ್ರಿಂಗ್ ಹಾಕಿಕೊಡಲಾಗುವುದು. ಹಿಡಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಬರ್ಮಿಂಗ್‌ಹ್ಯಾಮಿನ ಮುದ್ರೆ

ಆ ಪತ್ರದಿಂದ ಅಪ್ಪಯ್ಯನಿಗೆ ಆದ ಅವಮಾನ ನನಗೆ ಆಗ ಅತಿಯೆನಿಸಿತ್ತು. ಅಜ್ಜನ ಕೋವಿಯ ನಳಿಗೆಯ ಅಡಿಭಾಗವನ್ನು ಭೂತಗನ್ನಡಿ ಹಿಡಿದು ನೋಡಿದ ಮೇಲೆ ಸ್ವಲ್ಪ ಅರ್ಥವಾಯಿತು. ಇಂಗ್ಲೆಂಡಿನಿಂದ ಬಂದ ಹಳೆಯ ಜೋಡುನಳಿಗೆ ಕೋವಿಗಳು ಮಲೆನಾಡಿನ ಎಷ್ಟೋ ಮನೆಗಳಲ್ಲಿವೆ. ಅವುಗಳ ನಳಿಗೆಯ ಮೇಲೆ ಕಿರೀಟದ ಗುರುತು, ಕೆಲವು ಅಕ್ಷರಗಳು, ಕೆಲವದರಲ್ಲಿ 'ನಾಟ್ ಫಾರ್ ಬಾಲ್' ಎಂಬ ಎಚ್ಚರಿಕೆ, ಅಂದರೆ ಒಂಟಿ ಗುಂಡು ಹಾಕಬೇಡಿ, ಚರೆ ಮಾತ್ರ ಎಂಬ ಸೂಚನೆ ಒತ್ತಿರುತ್ತದೆ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ಸನ್ನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಗೃಹ ಸ್ಥಾಪನೆಯಾದದ್ದು 1813ರಲ್ಲಿ. ಮಾಮೂಲಿಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ನಳಿಗೆ ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುವುದು ಅವುಗಳ ಕೆಲಸ. ವಾರಂಟಿ ಕಾರ್ಡೆಂಬುದು ಹುಟ್ಟುವ ಎಷ್ಟೋ ಮೊದಲು ಕಬ್ಬಿಣದ ಮೇಲೆಯೇ ಬರೆದ ವಾರಂಟಿ ಅದು.

ಆ ಮುದ್ರೆಯ ಬಗ್ಗೆ ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿಯೆಂದರೆ ಅದು ಶಾಶ್ವತವಲ್ಲ ಎನ್ನುವುದು. ತುಕ್ಕು ತೆಗೆಯಲೆಂದು ಒಳಗೆ ಉಜ್ಜಿ ಉಜ್ಜಿ ನಳಿಗೆಯ ವ್ಯಾಸ ನಿಗದಿತ ಮಿತಿ ಮೀರಿ ಹಿಗ್ಗಿದರೆ, ಅಥವಾ ಅದರ ಬಲ ತಗ್ಗುವಂತೆ ಯಾರಾದರೂ ತಿದ್ದಿದರೆ, ಮುದ್ರೆ ಕಣ್ಣಿಗೆ ಕಂಡರೂ ಕಾನೂನಿನ ಪ್ರಕಾರ ಅದು ಸತ್ತಂತೆ. ಮತ್ತೆ ಪರೀಕ್ಷೆಗೆ ಒಡ್ಡದೆ ಆ ಬಂದೂಕನ್ನು ಅಲ್ಲಿ ಮಾರುವಂತಿಲ್ಲ. ಹೆಗಲಿಗೆ ಒತ್ತಿ ಹಿಡಿಯುವ ಮರದ ಹಿಂಗೈಯನ್ನು ಬದಲಿಸಿದರೆ, ಬೆಳ್ಳಿಯ ಹೂವು ಕೂರಿಸಿದರೆ ಮುದ್ರೆಗೆ ಏನೂ ಆಗುವುದಿಲ್ಲ. ನಮ್ಮ ರಿವಾಲ್ವರಿನ ಬಗ್ಗೆ ಬಂದ ನಾಲ್ಕು ಸಾಲಿನ ಪತ್ರ ಹಿಡಿದ ಗೆರೆಯೂ ಇದೇ.

ಕೈಬಂದೂಕನ್ನು ಮನೆಯಲ್ಲೇ ತಿದ್ದಿಕೊಳ್ಳುವುದು ದೊಡ್ಡ ಹವ್ಯಾಸವಾಗಿರುವುದು ಅಮೆರಿಕದಲ್ಲಿ. ಅಲ್ಲಿಯ ಕಾನೂನು ಬೇರೆ, ಮಾರುಕಟ್ಟೆ ಬೇರೆ. ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲಿನ ಹಿಡಿಗೆ ಬೆಸುಗೆ ಕಡ್ಡಿಯ ಬಿಸಿ ತುದಿಯಿಂದ ಚುಕ್ಕೆ ಚುಕ್ಕೆ ಒತ್ತಿ ಜಾರದಂತೆ ಮಾಡುವುದರಿಂದ ಹಿಡಿದು, ಬೇರೆ ಕಂಪನಿಯ ಟ್ರಿಗರ್, ಸ್ಪ್ರಿಂಗ್, ಗುರಿಗಣ್ಣು ಹಾಕುವುದು, ಹೊಡೆದಾಗ ಹಿಂದೆ ಮುಂದೆ ಜಾರುವ ಮೇಲಿನ ಸ್ಲೈಡನ್ನು ಕೊರೆಸಿ, ಗುರಿಗೆ ಕೆಂಪು ಚುಕ್ಕೆ ತೋರುವ ದರ್ಶಕ ಕೂರಿಸುವುದು, ಎಲ್ಲವೂ ನಡೆಯುತ್ತದೆ. 1975ರ ಮ್ಯಾಗ್ನುಸನ್-ಮಾಸ್ ಎಂಬ ಅಲ್ಲಿಯ ವಾರಂಟಿ ಕಾಯ್ದೆಯ ಪ್ರಕಾರ, ಹೊರಗಿನ ಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ತಯಾರಕರು ಲಿಖಿತ ವಾರಂಟಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ದೋಷ ಆ ಭಾಗದಿಂದಲೇ ಬಂತೆಂದು ತೋರಿಸಬೇಕು. ಗುರಿಗಣ್ಣು ಬದಲಿಸಿದವನ ನಳಿಗೆ ಬಿರುಕುಬಿಟ್ಟರೆ ವಾರಂಟಿ ಉಳಿಯುತ್ತದೆ, ಸ್ಪ್ರಿಂಗ್ ಬದಲಿಸಿದವನ ತೋಟಾ ಹಾರದಿದ್ದರೆ ಉಳಿಯುವುದಿಲ್ಲ. ಪ್ರಸಿದ್ಧ ತಯಾರಕರಾದ ರೂಗರ್ ಕಂಪನಿ ಇದಕ್ಕೆ ಕಂಡುಕೊಂಡ ಉಪಾಯ ಇನ್ನೂ ಸ್ವಾರಸ್ಯದ್ದು: ಅವರು ಬಂದೂಕಿನ ಜೊತೆ ವಾರಂಟಿ ಕಾರ್ಡನ್ನೇ ಕೊಡುವುದಿಲ್ಲ, ಏಕೆ ಕೊಡುವುದಿಲ್ಲವೆಂದು ಕೈಪಿಡಿಯಲ್ಲಿ ಆ ಕಾಯ್ದೆಯ ಹೆಸರು ಹೇಳಿಯೇ ವಿವರಿಸುತ್ತಾರೆ. ಅದೇ ಕಂಪನಿ 1953ರಿಂದ 1972ರವರೆಗೆ ತಯಾರಿಸಿದ ತನ್ನ ಹಳೆಯ ಮಾದರಿಯ ರಿವಾಲ್ವರುಗಳಿಗೆ, ಕೈಜಾರಿ ಬಿದ್ದಾಗ ಹಾರದಂತೆ ತಡೆಯುವ ಹೊಸ ಭಾಗಗಳನ್ನು ಉಚಿತವಾಗಿ ಜೋಡಿಸಿಕೊಡುತ್ತದೆ; ತೆಗೆದ ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿ ಮಾಲೀಕನಿಗೇ ಮರಳಿಸುತ್ತದೆ. ಕಾರ್ಡು ಇಲ್ಲದೆಯೂ ತನ್ನ ಕೆಲಸಕ್ಕೆ ತಾನು ಹೊಣೆ ಎನ್ನುವ ಈ ನಡತೆಯೂ, ಕಾರ್ಡನ್ನು ಪರವಾನಗಿ ಪುಸ್ತಕದಲ್ಲಿ ಮಡಚಿಟ್ಟುಕೊಂಡು ಸ್ಪ್ರಿಂಗ್ ಉಜ್ಜಿಸಿದ ನಮ್ಮ ನಡತೆಯೂ ಒಟ್ಟಿಗೆ ನೆನಪಾದರೆ ನಗು ಬರುತ್ತದೆ.

ನಮ್ಮಲ್ಲಿ ಗ್ರಾಹಕನ ಪರವಾಗಿ ವಾದಿಸಲು ದಾರಿಯೇ ಇಲ್ಲವೆಂದಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಕೂಡ, ಹಾನಿಯಾದ ಹೊತ್ತಿಗೆ ವಸ್ತುವನ್ನು ದುರ್ಬಳಕೆ ಮಾಡಲಾಗಿತ್ತು ಅಥವಾ ಮಾರ್ಪಡಿಸಲಾಗಿತ್ತು ಎಂದಾದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ನಡೆಯದೆಂದು 87ನೇ ಕಲಮಿನಲ್ಲಿ ಹೇಳುತ್ತದೆ. ರೇಂಜಿನಲ್ಲಿ ಆ ಅರ್ಧ ನಿಮಿಷದೊಳಗೆ ಏನಾದರೂ ಆಗಿದ್ದರೆ, ನಮ್ಮ ಜಗಲಿಯ ಆ ಮಧ್ಯಾಹ್ನಕ್ಕೆ ನಾವೇ ಉತ್ತರ ಕೊಡಬೇಕಾಗುತ್ತಿತ್ತು.

ಪುಟ್ಟಿ ಮತ್ತು ಅರ

ನನ್ನ ಅಕ್ಕನ ಮಗ ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧಿ. ಕಳೆದ ಬೇಸಿಗೆ ರಜೆಗೆ ಬಂದಾಗ ಅವನು ಅದೇ ಜಗಲಿಯಲ್ಲಿ, ಅದೇ ಜಾಗದಲ್ಲಿ ಕೂತು ತನ್ನ ಪಿಸ್ತೂಲಿನ ಮರದ ಹಿಡಿಯನ್ನು ಅರದಿಂದ ಉಜ್ಜುತ್ತಿದ್ದ. ನನಗೆ ಎದೆ ಧಸಕ್ಕೆಂದಿತು. ಎರಡು ಲಕ್ಷ ಮೀರಿದ ಯುರೋಪಿನ ಪಿಸ್ತೂಲು ಅದು. "ಮಾವ, ಇದು ಉಜ್ಜೋಕೇ ಅಂತ ಬಿಟ್ಟಿರೋದು" ಎಂದ. ಅಕ್ರೋಟು ಮರದ ಆ ಹಿಡಿ ಯಾರ ಕೈಗೂ ಸರಿಯಾಗಿ ಹೊಂದದಂತೆಯೇ ಬರುತ್ತದೆ. ಹೆಚ್ಚಾದಲ್ಲಿ ಉಜ್ಜಿ, ಕಡಿಮೆಯಾದಲ್ಲಿ ಮರದ ಪುಟ್ಟಿ ತುಂಬಿ, ಪುಟ್ಟಿ ಹಸಿಯಿರುವಾಗಲೇ ಕೈ ಒತ್ತಿ ಹಿಡಿದು ತನ್ನದಾಗಿಸಿಕೊಳ್ಳುವುದು ಸ್ಪರ್ಧಿಯ ಕೆಲಸ. ಅವನ ಕಿರುಬೆರಳಿನ ಗೆರೆಗಳು ಕೂಡ ಆ ಪುಟ್ಟಿಯಲ್ಲಿ ಮೂಡಿದ್ದವು.

ಟ್ರಿಗರಿನ ವಿಷಯ ಕೇಳಿದೆ. ಅದಕ್ಕೂ ತಿರುಪುಗಳಿವೆ, ಯಾವುದು ಏನನ್ನು ಬದಲಿಸುತ್ತದೆಂದು ಕೈಪಿಡಿಯಲ್ಲೇ ಚಿತ್ರ ಸಮೇತ ಇದೆ. ಸ್ಪರ್ಧೆಯ ನಿಯಮದಂತೆ ಟ್ರಿಗರಿನ ಭಾರ 500 ಗ್ರಾಮಿಗಿಂತ ಕಡಿಮೆಯಾಗಬಾರದು, ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಒಂದು ಪೆಟ್ಟಿಗೆಯಲ್ಲಿ ಹಿಡಿಸಬೇಕು. ಪಂದ್ಯಗಳಲ್ಲಿ ಇದನ್ನು ತೂಗಿ ಅಳೆಯುತ್ತಾರೆ. "ಇದನ್ನ ಮಾತ್ರ ಮುಟ್ಟೋ ಹಾಗಿಲ್ಲ" ಎಂದು ಅವನು ತೋರಿಸಿದ್ದು ನಳಿಗೆಯ ಕೆಳಗಿನ ಗಾಳಿಯ ಸಿಲಿಂಡರನ್ನು. ಒಳಗೆ 200 ಬಾರ್ ಒತ್ತಡ. ಮೇಲೆ ತಯಾರಾದ ದಿನಾಂಕ. ಅವಧಿ ತೀರಿದ ಮೇಲೆ ಎಷ್ಟು ಚೆನ್ನಾಗಿದ್ದರೂ ಬದಲಿಸಲೇಬೇಕು.

ಅಂದು ರಾತ್ರಿ ನನಗೆ ಅನಿಸಿದ್ದು, ಬದಲಿಸುವ ಚಪಲವನ್ನು ತಯಾರಕರು ಮೊದಲೇ ಊಹಿಸಿ, ಇದು ನಿನ್ನ ಪಾಲು, ಇದು ನನ್ನ ಪಾಲು ಎಂದು ಹಂಚಿಟ್ಟರೆ ಜಗಳವೇ ಹುಟ್ಟುವುದಿಲ್ಲವಲ್ಲ ಎಂದು. ಅಪ್ಪಯ್ಯನ ಬೆರಳಿಗೂ ಒಂದು ತಿರುಪು ಇದ್ದಿದ್ದರೆ? ಆದರೆ ಇದರಲ್ಲೊಂದು ತೊಡಕಿದೆ. ಗುರಿಹಲಗೆಗೆ ಹೊಡೆಯುವ ಪಿಸ್ತೂಲಿನ ಟ್ರಿಗರ್ ಹಗುರವಿದ್ದಷ್ಟೂ ಒಳ್ಳೆಯದು. ದಿಂಬಿನ ಪಕ್ಕದಲ್ಲಿಟ್ಟುಕೊಳ್ಳುವ ರಿವಾಲ್ವರಿನ ಟ್ರಿಗರ್ ಭಾರವಾಗಿರುವುದೇ, ಗಾಬರಿಯಲ್ಲಿ ತಾನಾಗಿ ಹಾರದಂತೆ, ಅದರ ಒಂದು ರಕ್ಷಣೆ. ಆ ಭಾರವನ್ನು ನಾವು ದೋಷವೆಂದು ತಿಳಿದೆವು. ತೋಟಾ ಹಾರದ್ದು ಆಮೇಲಿನ ಮಾತು. ಎಲ್ಲವೂ ಸರಿಯಾಗಿ ಹಾರಿದ್ದರೂ ಆ ಸ್ಪ್ರಿಂಗನ್ನು ಉಜ್ಜಿಸಿದ್ದು ತಪ್ಪೇ ಆಗುತ್ತಿತ್ತೆಂದು ನನಗೀಗ ತೋರುತ್ತದೆ.

ಹೊಸ ಸ್ಪ್ರಿಂಗಿಗೆ ಅಪ್ಪಯ್ಯ ಹಣ ಕಳುಹಿಸಲಿಲ್ಲ. ಪತ್ರದ ಸಿಟ್ಟು ಮೊದಲ ಕಾರಣ. ಆಮೇಲೆ ಅದು ಅಭ್ಯಾಸವಾಯಿತು. ರಿವಾಲ್ವರ್ ಹಾಗೆಯೇ ಮರಳಿತು, ಬೀಟೆಯ ಹಿಡಿ ಮತ್ತೆ ಅದರ ಮೈಗೇರಿತು. ಹನ್ನೆರಡು ವರ್ಷ ಅವರು ಅದನ್ನು ರಾತ್ರಿ ಮಲಗುವಾಗ ಕಪಾಟಿನಿಂದ ತೆಗೆದು ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿಟ್ಟುಕೊಂಡರು. ಪರವಾನಗಿ ನವೀಕರಣಕ್ಕೆ ತಪ್ಪದೆ ಹೋದರು. ಆರರಲ್ಲಿ ಎರಡು ಹಾರದೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಒಮ್ಮೆ ಅಮ್ಮ, "ಅದಕ್ಕಿಂತ ನಾಯಿ ವಾಸಿ" ಎಂದದ್ದಕ್ಕೆ ಅವರು ಎರಡು ದಿನ ಮಾತು ಬಿಟ್ಟಿದ್ದರು.

ವ್ಯಾಪಾರಿಯ ಎರಡನೆಯ ಪ್ರಶ್ನೆಗೆ ಕೊನೆಗೆ ನಾನು, ಹೌದು, ಮುಖ್ಯ ಸ್ಪ್ರಿಂಗ್ ಉಜ್ಜಿಸಿದೆ, ಸರಿಯಾಗಿ ಹಾರುವುದಿಲ್ಲ ಎಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಧಿಕೃತವಾಗಿ ದುರಸ್ತಿ ಮಾಡಿಸಿ ಪರೀಕ್ಷಿಸದೆ ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಅದರ ಖರ್ಚು ಬೆಲೆಯಲ್ಲಿ ಮುರಿದುಕೊಳ್ಳುತ್ತೇನೆ ಎಂದು ಹೇಳಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ಮುಂದಿನ ವಾರ ಪ್ಲಾಸ್ಟಿಕ್ ಹಿಡಿಯನ್ನು ಒಯ್ದುಕೊಟ್ಟಾಗ ನನ್ನೆದುರೇ ಸ್ಕ್ರೂ ಬಿಚ್ಚಿ ಬದಲಿಸಿದರು. ಬೀಟೆಯ ಎರಡು ಹೋಳುಗಳನ್ನು ಒಮ್ಮೆ ಮಗುಚಿ ನೋಡಿ, ಹಿಂಗಾರದ ಕೆತ್ತನೆಯ ಮೇಲೆ ಹೆಬ್ಬೆರಳು ಆಡಿಸಿ, ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

"ಇದು ಬರೀ ಮರ. ನೀವೇ ಇಟ್ಕೊಳ್ಳಿ."